ಅಕ್ಕನ ಹೊಲ ಸಾಗಿಸಿದ್ದು

ಭಾನುವಾರ ಬೆಳಿಗ್ಗೆ ತುಮಕೂರಿನಿಂದ ಒಬ್ಬ ಹುಡುಗ ಬಂದು ನನ್ನ ಹಳೆಯ ಪಿಎಸ್4, ಅಂದರೆ ಟಿವಿಗೆ ಸಿಕ್ಕಿಸಿ ಆಡುವ ಪ್ಲೇಸ್ಟೇಷನ್ 4 ಯಂತ್ರ, ತಗೊಂಡು ಹೋಗುವುದೆಂದು ಮಾತಾಗಿತ್ತು. ಸಾವಿರ ರೂಪಾಯಿ ಮುಂಗಡವನ್ನೂ ಕಳಿಸಿದ್ದ. "ಅಣ್ಣಾ, ಫಾರ್ಮ್ಯಾಟ್ ಮಾಡಿ ಇಟ್ಟಿರಿ, ಬಂದವನೇ ಒಂದ್ಸಲ ಚೆಕ್ ಮಾಡ್ಕೊಂಡು ಹೊರಟ್ಬಿಡ್ತೀನಿ" ಅಂದಿದ್ದ. ಹಾಗಾಗಿ ಶುಕ್ರವಾರ ರಾತ್ರಿ ಊಟ ಮುಗಿಸಿ, ಟಿವಿ ಮುಂದೆ ಹಳೆಯದನ್ನೂ ಹೊಸ ಪಿಎಸ್5ನ್ನೂ ಅಕ್ಕಪಕ್ಕ ಕೂರಿಸಿ, ನಡುವೆ ಒಂದು ಲ್ಯಾನ್ ಕೇಬಲ್ ಎಳೆದು, ಒಳಗಿನ ಸಾಮಾನು ಸಾಗಿಸಲು ಕೂತೆ.

ಕೆಲಸ ಕಷ್ಟದ್ದೇನಲ್ಲ. ಎರಡೂ ಯಂತ್ರಗಳ ಸಾಫ್ಟ್‌ವೇರ್ ಅಪ್‌ಡೇಟ್ ಆಗಿರಬೇಕು, ಎರಡರಲ್ಲೂ ಒಂದೇ ಖಾತೆಯಿಂದ ಲಾಗಿನ್ ಆಗಿರಬೇಕು. ಹೊರಡುವ ಮುಂಚೆ ಹಳೆಯದರಲ್ಲಿ ಟ್ರೋಫಿಗಳನ್ನು, ಅಂದರೆ ಆಡಿ ಗೆದ್ದ ಪದಕಗಳನ್ನು, ಒಮ್ಮೆ ಸಿಂಕ್ ಮಾಡಿಕೊಂಡರೆ ಒಳ್ಳೆಯದು. ಆಮೇಲೆ ಪಿಎಸ್5ರ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಟ್ರಾನ್ಸ್‌ಫರ್ ಅಂತ ಒತ್ತಿದರೆ, ಹಳೆಯದರ ಪವರ್ ಬಟನ್ನನ್ನು ಒಂದು ಸೆಕೆಂಡು ಹಿಡಿದುಕೋ ಅನ್ನುತ್ತದೆ. 'ಬೀಪ್' ಅಂದರೆ ಹಳೆಯದು ಒಪ್ಪಿತು ಅಂತ ಅರ್ಥ. ನಮ್ಮ ತಾತ ಯಾವ ವಿಷಯಕ್ಕೂ ಬಾಯಿಬಿಟ್ಟು 'ಹೂಂ' ಅಂದವರಲ್ಲ, ಒಮ್ಮೆ ಕೆಮ್ಮುತ್ತಿದ್ದರು. ಅದೇ ಥರ.

ಒಪ್ಪಿದ ಮೇಲೆ ಪಟ್ಟಿ ಬರುತ್ತದೆ. ಒಂದು ಕಡೆ ಆಟಗಳು: 40 ಜಿಬಿ, 70 ಜಿಬಿ, 90 ಜಿಬಿ. ಇನ್ನೊಂದು ಕಡೆ ಸೇವ್‌ಗಳು, ಅಂದರೆ ಆಟದಲ್ಲಿ ನಾವು ಎಲ್ಲಿಯವರೆಗೆ ಬಂದಿದ್ದೇವೆ ಅನ್ನುವ ದಾಖಲೆಗಳು: ಹೆಚ್ಚಿನವು ಒಂದೆರಡು ಎಂಬಿ, ಕೆಲವು ಅಷ್ಟೂ ಇಲ್ಲ. ನನ್ನ ಪಿಎಸ್5ರ ಡಬ್ಬದ ಮೇಲೆ 825 ಜಿಬಿ ಅಂತಿದ್ದರೂ ಕೈಗೆ ಸಿಗುವುದು 667 ಮಾತ್ರ. ಅದಕ್ಕೇ ಆಟಗಳ ಮುಂದಿನ ಟಿಕ್ಕುಗಳನ್ನೆಲ್ಲ ತೆಗೆದುಬಿಟ್ಟೆ. ದುಡ್ಡು ಕೊಟ್ಟು ಕೊಂಡ ಆಟ ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು. ಸೇವ್ ಹಾಗಲ್ಲ, ಅದು ಜಗತ್ತಿನ ಇನ್ಯಾವ ಸರ್ವರಿನಲ್ಲೂ ಮಾರಾಟಕ್ಕಿಲ್ಲ. ಬೆಂಗಳೂರಿನಲ್ಲಿ ಹನ್ನೊಂದು ವರ್ಷದಲ್ಲಿ ಐದು ಬಾಡಿಗೆ ಮನೆ ಬದಲಾಯಿಸಿದ್ದೇನೆ. ಪ್ರತಿ ಸಲವೂ ಫ್ರಿಜ್ಜು, ಮಂಚ, ವಾಷಿಂಗ್ ಮೆಷಿನ್ನು ಲಾರಿಯಲ್ಲಿ ಹೋಗುತ್ತಿದ್ದವು. ಸಹಾಯಕ್ಕೆಂದು ಬಂದ ಅಮ್ಮ ಮಾತ್ರ ದೇವರ ಪಟವನ್ನೂ ಉಪ್ಪಿನಕಾಯಿ ಭರಣಿಯನ್ನೂ ತೊಡೆಯ ಮೇಲಿಟ್ಟುಕೊಂಡೇ ಆಟೋ ಹತ್ತುತ್ತಿದ್ದಳು.

ಹನ್ನೊಂದೂವರೆಗೆ ನನ್ನದೆಲ್ಲ ಆ ಕಡೆ ಹೋಗಿ ಮುಗಿಯಿತು. 2018ರ ಗಾಡ್ ಆಫ್ ವಾರ್, ಒಂದು ಫಿಫಾ ಕರಿಯರ್, ಕ್ರಿಕೆಟ್ 19ರಲ್ಲಿ ನಾನೇ ಕಟ್ಟಿದ ಕರ್ನಾಟಕ ತಂಡ. ಫಾರ್ಮ್ಯಾಟ್ ಮಾಡೋಣವೆಂದು ಪಿಎಸ್4ನ್ನು ಮತ್ತೆ ಆನ್ ಮಾಡಿದೆ. ಯಾರು ಆಡುತ್ತಿದ್ದೀರಿ ಅಂತ ಕೇಳುವ ಪರದೆಯಲ್ಲಿ ಎರಡು ಮುಖ. ಒಂದು ನನ್ನದು. ಇನ್ನೊಂದು ಅಕ್ಕನದು.

ಮರೆತೇಹೋಗಿತ್ತು.

2020ರ ಮಾರ್ಚ್ 25, ಬುಧವಾರ, ಯುಗಾದಿ. ಹಬ್ಬಕ್ಕೆಂದು ನಾನೂ ಅಕ್ಕನೂ ಹಾಸನಕ್ಕೆ ಬಂದಿದ್ದೆವು. ಹಿಂದಿನ ರಾತ್ರಿಯೇ ಲಾಕ್‌ಡೌನ್ ಘೋಷಣೆಯಾಗಿ ಬೇವು-ಬೆಲ್ಲ ತಿನ್ನುವ ಹೊತ್ತಿಗೆ ಇಡೀ ದೇಶ ಬಾಗಿಲು ಹಾಕಿಕೊಂಡಿತ್ತು. ಮನೆಯಿಂದಲೇ ಕೆಲಸ ಅಂತ ಆಫೀಸಿನವರು ಮೊದಲೇ ಹೇಳಿದ್ದರಿಂದ ನಾನು ಪಿಎಸ್4ನ್ನೂ ಬ್ಯಾಗಿಗೆ ತುರುಕಿಕೊಂಡು ಬಂದಿದ್ದೆ. ಅಕ್ಕ ಆಟ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಎರಡನೇ ವಾರ ಬೇಜಾರು ತಡೆಯಲಾರದೆ "ಗುಂಡು ಹೊಡೆಯೋದು ಬೇಡ, ಯಾರೂ ಸಾಯಬಾರದು, ಅಂಥದ್ದೇನಾದ್ರೂ ಇದ್ರೆ ಹಾಕು" ಅಂದಳು. ಸ್ಟಾರ್‌ಡ್ಯೂ ವ್ಯಾಲಿ ಹಾಕಿಕೊಟ್ಟೆ. ಅವಳಿಗೆಂದೇ ಒಂದು ಖಾತೆಯನ್ನೂ ತೆರೆದೆ.

ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಕೂತು ಮಾಡಿ 2016ರಲ್ಲಿ ಹೊರತಂದ ಆಟ ಅದು. ಪಟ್ಟಣದ ಆಫೀಸಿನಲ್ಲಿ ಬೇಸತ್ತ ಒಬ್ಬರು ತಾತ ಬಿಟ್ಟುಹೋದ ಹೊಲಕ್ಕೆ ಬರುತ್ತಾರೆ. ಕಳೆ ಕಿತ್ತು, ಬೀಜ ಹಾಕಿ, ನೀರು ಹೊಯ್ದು, ಮೀನು ಹಿಡಿದು ಬದುಕುತ್ತಾರೆ. ಕಥೆ ಅಂತ ಇರುವುದು ಅಷ್ಟೇ. ಹೊಲಕ್ಕೆ ಹೆಸರೇನು ಅಂತ ಆಟ ಕೇಳಿದಾಗ ಅಕ್ಕ ಒಂದು ಕ್ಷಣವೂ ಯೋಚಿಸದೆ ಇಂಗ್ಲಿಷ್ ಅಕ್ಷರಗಳಲ್ಲಿ 'ಅಜ್ಜಿಮನೆ' ಅಂತ ಒತ್ತಿದಳು. ನಿಜವಾದ ಅಜ್ಜಿಮನೆ ಹೊಲ ಮಾರಿ ಆಗಲೇ ಹನ್ನೆರಡು ವರ್ಷ.

ಒಂದು ವಾರದಲ್ಲಿ ಅದು ಮನೆಮಂದಿಯ ಹೊಲವಾಯಿತು. ಅಮ್ಮ ಕಾಫಿ ಲೋಟ ಹಿಡಿದು ಬಂದು ಸೋಫಾದ ತುದಿಗೆ ಕೂತು, "ಇಷ್ಟು ಒತ್ತೊತ್ತಾಗಿ ನೆಟ್ರೆ ಯಾವ ಗಿಡ ಬರುತ್ತೆ?" ಅನ್ನುತ್ತಿದ್ದಳು. ಕಾಗೆ ಬಂದು ಬೆಳೆ ತಿಂದುಹೋದ ದಿನ ಅಪ್ಪ ಪೇಪರಿನ ಹಿಂದಿನಿಂದಲೇ "ಬೆರ್ಚಪ್ಪ ನಿಲ್ಸಮ್ಮ" ಅಂದರು. ಆ ಆಟದಲ್ಲಿ ಬೆರ್ಚಪ್ಪ ಇದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಹೊಲ ಅಂದ ಮೇಲೆ ಇರಲೇಬೇಕಲ್ಲ ಅಂತ ಹೇಳಿದ್ದು. ಕೋಳಿಗೂಡು ಕಟ್ಟಿಸಿದಾಗ ಹೆಸರಿಟ್ಟವಳು ಅಮ್ಮ: ಒಂದು ಗೌರಿ, ಇನ್ನೊಂದು ಪುಟ್ಟಿ. ಜೂನ್ ಹೊತ್ತಿಗೆ ದಾರಿಗಳು ತೆರೆದು ನಾನು ಬೆಂಗಳೂರಿಗೆ ವಾಪಸು ಬಂದೆ. ಅಕ್ಕ ಇನ್ನೂ ಆಡುತ್ತಿದ್ದಳೆಂದು ಪಿಎಸ್4ನ್ನು ಅಲ್ಲೇ ಬಿಟ್ಟೆ. ಅಕ್ಟೋಬರಿನಲ್ಲಿ ಅವಳಿಗೆ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಕೆಲಸ ಸಿಕ್ಕಿ ಹೊರಟುಹೋದಳು. ದೀಪಾವಳಿಗೆ ಹೋದವನು ಪಿಎಸ್4ನ್ನು ಮತ್ತೆ ಬ್ಯಾಗಿಗೆ ತುರುಕಿಕೊಂಡು ಬಂದೆ. ಅವಳ ಮುಖ ಆ ಪರದೆಯ ಮೇಲೆ ಹಾಗೇ ಉಳಿದಿತ್ತು.

ಅವಳ ಹೆಸರು ಒತ್ತಿ ಆಟ ತೆರೆದೆ. ಸೇವ್ ಪಟ್ಟಿಯಲ್ಲಿ ಒಂದೇ ಸಾಲು. ಹೊಲ: ಅಜ್ಜಿಮನೆ. ಎರಡನೇ ವರ್ಷ, ಶರತ್ಕಾಲದ 28ನೇ ದಿನ. ಆಡಿದ ಹೊತ್ತು 143 ಗಂಟೆ ಚಿಲ್ಲರೆ.

ಲೋಡ್ ಮಾಡಲಿಲ್ಲ. ಯಾಕೋ ಕೈ ಬರಲಿಲ್ಲ. ಫಾರ್ಮ್ಯಾಟಂತೂ ಮಾಡಲೇ ಇಲ್ಲ.

ಇದಕ್ಕೆ ಇಪ್ಪತ್ತು ವರ್ಷದ ಹಿಂದಿನ ಒಂದು ಬಾಕಿ ಇದೆ. 2005ರಲ್ಲಿ ಮಸ್ಕತ್‌ನಿಂದ ಚಿಕ್ಕಪ್ಪ ಪಿಎಸ್2 ತಂದುಕೊಟ್ಟರು, ತೆಳ್ಳಗಿನ ಮಾದರಿ. ಅಕ್ಕನಿಗೆ ಹದಿನಾಲ್ಕು, ನನಗೆ ಹನ್ನೊಂದು. ಇಬ್ಬರಿಗೂ ಸೇರಿ ಒಂದೇ ಮೆಮೊರಿ ಕಾರ್ಡ್, 8 ಎಂಬಿ. ಈಗಿನ ಫೋನಿನಲ್ಲಿ ತೆಗೆದ ಎರಡು ಫೋಟೋ ಹಿಡಿಸುವಷ್ಟು ಜಾಗ. ಅದರಲ್ಲಿ ನನ್ನ ಕ್ರಿಕೆಟ್ಟು, ನನ್ನ ಕುಸ್ತಿ, ಅವಳ ಕಾರ್ ರೇಸಿನ ಗ್ರಾನ್ ಟುರಿಸ್ಮೋ 4 ಎಲ್ಲ ಸಂಸಾರ ಮಾಡಬೇಕಿತ್ತು. ಪಿಎಸ್2ರಲ್ಲಿ ಸೇವ್ ಅಂದರೆ ಪಟ್ಟಿಯ ಒಂದು ಸಾಲಲ್ಲ, ಒಂದೊಂದಕ್ಕೂ ತಿರುಗುವ ಪುಟ್ಟ ಬೊಂಬೆ. ಕೆಲವು ಆಟದವರು ಅಳಿಸುವಾಗ ತೋರಿಸಲೆಂದೇ ಬೇರೆ ಬೊಂಬೆ ಮಾಡಿಟ್ಟಿರುತ್ತಿದ್ದರು. ಅಳಿಸಲಾ ಅಂತ ಕೇಳಿದ ಕೂಡಲೇ ಅದರ ಚಹರೆಯೇ ಬದಲಾಗುತ್ತಿತ್ತು. ಕಟುಕನ ಕೈಗೆ ಸಿಕ್ಕ ಕೋಳಿಯ ಹಾಗೆ.

ಕಾರ್ಡು ತುಂಬಿದಾಗಲೆಲ್ಲ ಯಾರದ್ದನ್ನು ಅಳಿಸುವುದೆಂದು ಜಗಳ. ಒಂದು ದಿನ ಅಕ್ಕ ಟ್ಯೂಷನ್ನಿಗೆ ಹೋಗಿದ್ದಾಗ ನಾನೊಂದು ಜಾಣತನ ಮಾಡಿದೆ. ಕಾರ್ಡಿನಲ್ಲಿ ಯಾವ ಆಟಕ್ಕೂ ಸೇರದ ಒಂದು ಫೈಲಿತ್ತು, 'ಯುವರ್ ಸಿಸ್ಟಂ ಕಾನ್ಫಿಗರೇಷನ್' ಅಂತ. ಪಿಎಸ್2 ಇದ್ದವರ ಮನೆಯಲ್ಲೆಲ್ಲ ಅದಿತ್ತು. ಅದೇನು ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಕಸ ಅಂದುಕೊಂಡು ಅಳಿಸಿದೆ. ಚಿಟಿಕೆಯಷ್ಟೂ ಜಾಗ ಸಿಗಲಿಲ್ಲ.

ಸಂಜೆ ಅಕ್ಕ ಬಂದು ಆನ್ ಮಾಡಿದವಳೇ, "ಲೋ, ಕಂಬಗಳೆಲ್ಲ ಎಲ್ಲೋ ಹೋದ್ವು?" ಅಂದಳು.

ಪಿಎಸ್2 ಶುರುವಾಗುವಾಗ ಕತ್ತಲೆಯಲ್ಲಿ ನೀಲಿ ಮಂಜು ತೇಲುತ್ತದೆ, ಅದರಡಿಯಲ್ಲಿ ಕಂಬಗಳು ನಿಂತಿರುತ್ತವೆ, ಕ್ಯಾಮೆರಾ ಅವುಗಳ ಮೇಲಿಂದ ಹಾದುಹೋಗುತ್ತದೆ. ಆ ಕಂಬಗಳು ಸುಮ್ಮನೆ ಅಲಂಕಾರಕ್ಕಲ್ಲ. ಆ ಯಂತ್ರದಲ್ಲಿ ಆಡಿದ ಒಂದೊಂದು ಆಟಕ್ಕೂ ಒಂದು ಕಂಬ ಏಳುತ್ತದೆ. ಮತ್ತೆ ಮತ್ತೆ ಅದೇ ಆಟ ಹಾಕಿದರೆ ಆ ಕಂಬ ಎತ್ತರವಾಗುತ್ತದೆ. ಆ ಲೆಕ್ಕ ಬರೆದಿಡುವ ಪುಸ್ತಕವೇ ನಾನು ಕಸವೆಂದು ಅಳಿಸಿದ ಫೈಲು. ಇದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ, ಎಲ್ಲೋ ಓದಿದಾಗ. ಅಕ್ಕನಿಗೂ ಆಗ ಗೊತ್ತಿರಲಿಲ್ಲ. ಆದರೆ ಏನೋ ಬೆಳೆಯುತ್ತಿದೆ ಅಂತ ದಿನಾ ನೋಡಿ ಗಮನಿಸಿದ್ದಳು. "ನಾನೇನೂ ಮಾಡಿಲ್ಲಪ್ಪ" ಅಂದೆ. ಆ ಸುಳ್ಳನ್ನು ಇವತ್ತಿನವರೆಗೂ ತಿದ್ದಿಲ್ಲ.

ಆ ಕಾರ್ಡಿನ ಕೊನೆಯೂ ನೆಟ್ಟಗಾಗಲಿಲ್ಲ. ಸೇವ್ ಆಗುತ್ತಿದ್ದಾಗ ಕರೆಂಟ್ ಹೋಯಿತು. ಬಂದಾಗ ಬೊಂಬೆಗಳಿದ್ದ ಜಾಗದಲ್ಲಿ 'ಕರಪ್ಟೆಡ್ ಡೇಟಾ' ಅನ್ನುವ ಚೌಕಗಳು. ಈಗಲೂ ಅದು ಅಮ್ಮನ ಗುಂಡಿ-ದಾರದ ಡಬ್ಬಿಯಲ್ಲಿದೆ. ಯಾಕೆ ಎಸೆದಿಲ್ಲ ಅಂತ ಕೇಳಿದರೆ "ನಿಮ್ದಲ್ವಾ ಅದು" ಅನ್ನುತ್ತಾಳೆ.

ಪಿಎಸ್3 ಕಾಲಕ್ಕೆ ಹಳೆಯ ಕಾರ್ಡಿನಲ್ಲಿರುವುದನ್ನು ಹೊಸ ಯಂತ್ರದ ಹಾರ್ಡ್ ಡಿಸ್ಕಿಗೆ ತರಲೆಂದೇ ಒಂದು ಪುಟ್ಟ ಅಡಾಪ್ಟರ್ ಮಾರುತ್ತಿದ್ದರು. ಯುಎಸ್‌ಬಿ ವೈರಿನ ತುದಿಗೆ ಮೆಮೊರಿ ಕಾರ್ಡ್ ಸಿಕ್ಕಿಸುವ ಬಾಯಿ. ನಾನು ಕಣ್ಣಲ್ಲೂ ನೋಡಲಿಲ್ಲ. ಪಿಯುಸಿ ಮುಗಿದ ವರ್ಷ ಪಿಎಸ್3 ಬಂತು, 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ದರೋಡೆಯ ಆಟ ಜಿಟಿಎ 5 ಬಂತು, ರೂಮಿನಲ್ಲಿ ಇಬ್ಬರು ಗೆಳೆಯರ ಜೊತೆ ರಾತ್ರಿಯೆಲ್ಲ ಕೂತು ಮುಗಿಸಿದೆ. 2015ರಲ್ಲಿ ಪಿಎಸ್4 ಕೊಳ್ಳಲು ದುಡ್ಡು ಸಾಲದೆ ಅದನ್ನು ಮಾರಿದೆ, ಹಾರ್ಡ್ ಡಿಸ್ಕಿನ ಸಮೇತ, ಒಂದೇ ಒಂದು ಫೈಲೂ ಎತ್ತಿಟ್ಟುಕೊಳ್ಳದೆ. ತಪ್ಪು ಪೂರ್ತಿ ನನ್ನದೇ. ಎತ್ತಿಟ್ಟುಕೊಂಡಿದ್ದರೂ ಹೆಚ್ಚೇನೂ ಉಪಯೋಗವಾಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಪಿಎಸ್3ರ ಡಿಸ್ಕನ್ನಾಗಲೀ ಸೇವನ್ನಾಗಲೀ ಪಿಎಸ್4 ಓದುವುದಿಲ್ಲ. ಒಳಗಿನ ಪ್ರೊಸೆಸರಿನ ಜಾತಿಯೇ ಬೇರೆ. ಜಿಟಿಎ 5 ಅಂಗಡಿಗೆ ಮೂರು ಸಲ ಬಂತು, 2013ರಲ್ಲಿ ಪಿಎಸ್3ಗೆ, 2014ರಲ್ಲಿ ಪಿಎಸ್4ಗೆ, 2022ರಲ್ಲಿ ಪಿಎಸ್5ಗೆ. ಮೊದಲ ದಾಟುವಿಕೆಯಲ್ಲಿ ಆನ್‌ಲೈನ್ ಪಾತ್ರವನ್ನು ಜೊತೆಗೆ ಒಯ್ಯಬಹುದಿತ್ತು, ಕಥೆಯನ್ನು ಒಯ್ಯುವ ಹಾಗಿರಲಿಲ್ಲ. ಹಾಗಾಗಿ ಅದೇ ಬ್ಯಾಂಕನ್ನು ಮತ್ತೊಮ್ಮೆ ಮೊದಲಿನಿಂದ ದರೋಡೆ ಮಾಡಿದೆ. ಪಿಎಸ್3ರ ಜಿಟಿಎ ಆನ್‌ಲೈನ್ 2021ರ ಡಿಸೆಂಬರ್ 16ಕ್ಕೆ ಮುಚ್ಚಿತು.

ಪಿಎಸ್4ರಿಂದ ಪಿಎಸ್5ಕ್ಕೆ ಬರುವಾಗ ಆ ಕಷ್ಟವಿಲ್ಲ, ಒಳಗಿನ ಜಾತಿ ಒಂದೇ. ಆದರೆ ಇಲ್ಲೊಂದು ತಿರುವಿದೆ, ಹೊಸಬರು ಎಡವುವುದೇ ಇಲ್ಲಿ. ಪಿಎಸ್4ರ ಆಟವನ್ನೇ ಪಿಎಸ್5ರಲ್ಲಿ ಹಾಕಿದರೆ ಹಳೆಯ ಸೇವ್ ಮರುಮಾತಿಲ್ಲದೆ ತೆರೆಯುತ್ತದೆ. ಅದೇ ಆಟದ ಪಿಎಸ್5 ಆವೃತ್ತಿ ಹಾಕಿದಿರೋ, ಎಷ್ಟೋ ಸಲ ಅದು ನಿಮ್ಮನ್ನು ನೋಡೇ ಇಲ್ಲ ಅನ್ನುತ್ತದೆ. ಯಂತ್ರದ ಪ್ರಕಾರ ಅವೆರಡೂ ಬೇರೆ ಬೇರೆ ಆಟಗಳು. ಅಂಥ ಕಡೆ ಹಳೆಯ ಆವೃತ್ತಿಯೊಳಗೇ ಹೋಗಿ ಸೇವನ್ನು ಮೇಲಕ್ಕೆ ಕಳಿಸಿ, ಹೊಸ ಆವೃತ್ತಿಯಲ್ಲಿ ಕೆಳಗಿಳಿಸಿಕೊಳ್ಳುವ ದಾರಿಯನ್ನು ಆಟ ಮಾಡಿದವರೇ ಕೊಟ್ಟಿರಬೇಕು. ಜಿಟಿಎ 5 ಕೊಟ್ಟಿತು. ಸ್ಪೈಡರ್-ಮ್ಯಾನ್ ರೀಮಾಸ್ಟರ್ಡ್ ಮೊದಲು ಆಗುವುದಿಲ್ಲ ಅಂದು, ಆಡುವವರು ಗಲಾಟೆ ಮಾಡಿದ ಮೇಲೆ 2020ರ ನವೆಂಬರಿನಲ್ಲಿ ಕೊಟ್ಟಿತು. ಜಾಗ ಉಳಿಸಲೆಂದು ಹಳೆಯ ಆವೃತ್ತಿಯನ್ನು ಮೊದಲೇ ಅಳಿಸಿದರೆ ಅದನ್ನು ಮತ್ತೆ ಇಳಿಸಿಕೊಂಡು ಬರಬೇಕು. ಜೇಬಿನಲ್ಲಿ ಕೀಲಿ ಇದೆ, ಬಾಗಿಲನ್ನೇ ಮಾರಿಬಿಟ್ಟೆವು ಅನ್ನುವ ಹಾಗೆ.

ಇನ್ನೊಂದು ಮಾತು, ಇದು ನನ್ನ ಹಳೇ ಗೊಣಗಾಟ. ಪಿಎಸ್4ರ ಸೇವನ್ನು ಯಾವ ಪೆನ್‌ಡ್ರೈವಿಗಾದರೂ ಹಾಕಿಟ್ಟುಕೊಳ್ಳಬಹುದು. ಪಿಎಸ್5 ಆವೃತ್ತಿಯ ಆಟಗಳ ಸೇವಿಗೆ ಆ ಸೌಲಭ್ಯವಿಲ್ಲ. ಒಂದೊಂದು ಸೇವನ್ನೇ ಬೇರೆಯಾಗಿ ಬ್ಯಾಕಪ್ ಮಾಡಬೇಕೆಂದರೆ ಕ್ಲೌಡ್, ಅಂದರೆ ಕಂಪನಿಯ ಸರ್ವರ್; ಕ್ಲೌಡ್ ಬೇಕೆಂದರೆ ಪಿಎಸ್ ಪ್ಲಸ್ ಚಂದಾ. ನಿಂಟೆಂಡೋ ಸ್ವಿಚ್ಚಿನಲ್ಲೂ ಕ್ಲೌಡಿಗೆ ಚಂದಾ ಬೇಕು, ಚಂದಾ ಮುಗಿದ ಮೇಲೆ 180 ದಿನ ಇಟ್ಟುಕೊಂಡಿರುತ್ತಾರೆ. ಎಕ್ಸ್‌ಬಾಕ್ಸಿನಲ್ಲಿ ಮಾತ್ರ ಸೇವ್ ಕ್ಲೌಡಿಗೆ ಹೋಗಲು ಕಾಸು ಕೊಡಬೇಕಿಲ್ಲ. ನನ್ನ ಪ್ರಕಾರ ನ್ಯಾಯ ಅದೇ. ಆಟ ನೀವು ಮಾಡಿದ್ದು, ಅದಕ್ಕೆ ದುಡ್ಡು ಕೇಳಿ, ಕೊಡುತ್ತೇವೆ. ಸೇವ್ ನಾವು ಮಾಡಿದ್ದು. ನಮ್ಮದನ್ನು ನಮಗೇ ವಾಪಸು ಕೊಡಲು ತಿಂಗಳ ಬಾಡಿಗೆ ಯಾಕೆ?

ನಿಂಟೆಂಡೋದವರ ಒಂದು ಚಂದವನ್ನೂ ಹೇಳಿಬಿಡುತ್ತೇನೆ. ವೀ ಯಂತ್ರದಿಂದ ವೀ ಯು ಯಂತ್ರಕ್ಕೆ ಡೇಟಾ ಸಾಗಿಸುವಾಗ ಪರದೆಯ ಮೇಲೆ ಪಿಕ್ಮಿನ್ ಅನ್ನುವ ಪುಟಾಣಿ ಜೀವಿಗಳು ಸಾಲುಗಟ್ಟಿ ಬಂದು ನಮ್ಮ ಸಾಮಾನನ್ನು ತಲೆಯ ಮೇಲೆ ಹೊತ್ತು ಸಾಗಿಸುತ್ತವೆ. ಮಳೆಗೆ ಮುಂಚೆ ಗೋಡೆಯ ಮೇಲೆ ಇರುವೆ ಸಾಲು ಮೊಟ್ಟೆ ಹೊತ್ತು ಹೋಗುವುದನ್ನು ನೋಡಿದವರಿಗೆ ಅದರ ಸೊಗಸು ಗೊತ್ತಾಗುತ್ತದೆ. ನನ್ನ ಪಾಲಿಗೆ ಬಂದದ್ದು ಒಂದು ನೀಲಿ ಗೆರೆ, ಶೇಕಡಾ 37, ಶೇಕಡಾ 38.

ಸರಿ, ಅಕ್ಕನ ಹೊಲಕ್ಕೆ ಬರೋಣ. ಸ್ಟಾರ್‌ಡ್ಯೂ ವ್ಯಾಲಿಯ ಪಿಎಸ್4 ಆವೃತ್ತಿಯೇ ಪಿಎಸ್5ರಲ್ಲಿ ಓಡುತ್ತದೆ, ಹಾಗಾಗಿ ಆವೃತ್ತಿಯ ರಗಳೆಯಿಲ್ಲ. ರಗಳೆ ಇದ್ದದ್ದು ಮನುಷ್ಯರದ್ದು. ಸೇವ್ ಅನ್ನುವುದು ಅದನ್ನು ಮಾಡಿದ ಖಾತೆಗೆ ಅಂಟಿಕೊಂಡಿರುತ್ತದೆ. ನನ್ನ ಖಾತೆಯಲ್ಲಿ ಅಕ್ಕನ ಸೇವ್ ತೆರೆಯುವುದಿಲ್ಲ. ಪೆನ್‌ಡ್ರೈವಿಗೆ ಹಾಕಿಕೊಂಡೆ, ಇರಲಿ ಅಂತ. ಆದರೆ ಹೊಸ ಯಂತ್ರದಲ್ಲಿ ಅವಳು ಅವಳಾಗಿಯೇ ಲಾಗಿನ್ ಆಗದ ಹೊರತು ಅದು ಬೀಗ ಹಾಕಿದ ಟ್ರಂಕು. ಹಳೆಯದರಲ್ಲಿ ಐದು ವರ್ಷದಿಂದ ತಾನಾಗಿ ಲಾಗಿನ್ ಆಗುತ್ತಿದ್ದ ಖಾತೆಗೆ ಹೊಸದು ಪಾಸ್‌ವರ್ಡ್ ಕೇಳಿತು.

ಶನಿವಾರ ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ, ಮಗಳಿಗೆ ತಲೆ ಬಾಚುತ್ತಿದ್ದಳು.

"ನಿನ್ನ ಪ್ಲೇಸ್ಟೇಷನ್ ಪಾಸ್‌ವರ್ಡ್ ಏನೇ?"

"ನನಗೆಲ್ಲಿಂದ ಬಂತೋ ಪ್ಲೇಸ್ಟೇಷನ್?"

"ಲಾಕ್‌ಡೌನಲ್ಲಿ ಮಾಡ್ಕೊಟ್ಟಿದ್ನಲ್ಲ. ಅಜ್ಜಿಮನೆ. ಗೌರಿ, ಪುಟ್ಟಿ."

ಆ ಕಡೆ ಬಾಚಣಿಗೆ ನಿಂತಿತು. "ಅದು ಇನ್ನೂ ಇದ್ಯಾ?"

ಇದೆ, ಆದರೆ ನಾಳೆ ಇರುವುದಿಲ್ಲ ಅಂದೆ. ಪಾಸ್‌ವರ್ಡ್ ನೆನಪಿಲ್ಲ ಅಂದಳು. ಮರೆತಿದ್ದೇನೆ ಅಂತ ಒತ್ತಿದರೆ ಇಮೇಲಿಗೆ ಲಿಂಕ್ ಹೋಗುತ್ತದೆ, ಆದರೆ ಆ ಇಮೇಲ್ ಅವಳು ಪಿಯುಸಿಯಲ್ಲಿದ್ದಾಗ ಸೈಬರ್ ಸೆಂಟರಿನಲ್ಲಿ ಕೂತು ಸಿಇಟಿ ಅರ್ಜಿಗೆಂದು ಮಾಡಿಕೊಂಡದ್ದು. ಅದರ ಪಾಸ್‌ವರ್ಡೂ ಹೋಗಿತ್ತು. ಅದನ್ನು ಮತ್ತೆ ಪಡೆಯಲು ಒಟಿಪಿ ಬರುವುದು ಆಗ ಕೊಟ್ಟಿದ್ದ ಫೋನ್ ನಂಬರಿಗೆ. ಆಗ ಮನೆಯಲ್ಲಿ ಫೋನ್ ಇದ್ದದ್ದು ಅಪ್ಪನ ಹತ್ತಿರ ಮಾತ್ರ. ಪುಣ್ಯಕ್ಕೆ ಅಪ್ಪ ಇವತ್ತಿಗೂ ಅದೇ ನಂಬರ್ ಇಟ್ಟುಕೊಂಡಿದ್ದಾರೆ.

ಹಾಸನಕ್ಕೆ ಫೋನ್ ಹಚ್ಚಿದೆ. "ಅಪ್ಪ, ನಿಮ್ಮ ಫೋನಿಗೆ ಈಗೊಂದು ಒಟಿಪಿ ಬರುತ್ತೆ, ಆರು ಅಂಕಿ. ಸ್ವಲ್ಪ ಓದಿ ಹೇಳಿ."

"ಯಾವುದ್ರದ್ದು?"

"ಅಕ್ಕಂದು. ಇಮೇಲ್‌ದು."

"ಅಕ್ಕಂದು ನಿನಗ್ಯಾಕೆ?"

"ಆಟದ್ದು ಅಪ್ಪ. ಆಮೇಲೆ ಹೇಳ್ತೀನಿ. ಹತ್ತು ನಿಮಿಷ ಆದ್ರೆ ಹೋಗ್ಬಿಡುತ್ತೆ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಪ್ಪ, ಬ್ಯಾಂಕಿನ ಕೌಂಟರಿನಲ್ಲಿ ನಿಂತವರ ದನಿಯಲ್ಲಿ, "ಒಟಿಪಿ ಯಾರಿಗೂ ಹೇಳಬಾರದು ಅಂತ ಮೆಸೇಜಲ್ಲೇ ಬರೆದಿದೆ" ಅಂದರು.

"ನಾನು ನಿಮ್ಮ ಮಗ ಅಪ್ಪ."

"ಹಾಗೇ ಹೇಳ್ಕೊಂಡೇ ಮಾಡೋದಂತೆ. ಪೇಪರಲ್ಲಿ ಬಂದಿತ್ತು. ದನಿಯನ್ನೂ ನಕಲು ಮಾಡ್ತಾರಂತೆ."

ಆ ಒಟಿಪಿಯ ಹೊತ್ತು ಮೀರಿತು. ಎರಡನೆಯದೂ ಮೀರಿತು. ಕೊನೆಗೆ ಅಕ್ಕ ಐಂಡ್‌ಹೋವನ್‌ನಿಂದ ವಿಡಿಯೋ ಕಾಲ್ ಮಾಡಿ ಮುಖ ತೋರಿಸಿ, ಹಿಂದಿನಿಂದ ಮೊಮ್ಮಗಳು "ತಾತಾ" ಅಂದ ಮೇಲೆ ಅಪ್ಪನಿಗೆ ನಂಬಿಕೆ ಬಂದು, ಒಂದೊಂದೇ ಅಂಕಿಯನ್ನು ಎರಡೆರಡು ಸಲ ಹೇಳಿದರು. ನಂಗೆ ಸಿಟ್ಟು ಬಂದಿತ್ತು, ಒಪ್ಪುತ್ತೇನೆ. ಆದರೆ ಆ ಸರಪಳಿಯಲ್ಲಿದ್ದ ಎಲ್ಲರಿಗಿಂತ ಸುರಕ್ಷತೆ ಗೊತ್ತಿದ್ದವರು ಅವರೇ.

ಇಮೇಲ್ ತೆರೆಯಿತು, ಲಿಂಕ್ ಬಂತು. ಲಿಂಕ್ ಒತ್ತಿದರೆ ಹುಟ್ಟಿದ ತಾರೀಖು ಕೇಳಿತು. ಅಕ್ಕ ತನ್ನದನ್ನು ಹೇಳಿದಳು. ತಪ್ಪು ಅಂದಿತು. ಇನ್ನೊಮ್ಮೆ ಹಾಕಿದೆವು, ತಪ್ಪು. ಅಷ್ಟರಲ್ಲಿ ನನಗೆ ನೆನಪಾಯಿತು: ಖಾತೆ ತೆರೆದವನು ನಾನು. ಕಂಟ್ರೋಲರಿನಲ್ಲಿ ತಿಂಗಳು, ದಿನ ಅಂತ ಒಂದೊಂದೇ ಹೊರಳಿಸುವುದು ಯಾರಿಗೆ ಬೇಕು ಅಂತ ವರ್ಷವನ್ನಷ್ಟೇ ತಿರುಗಿಸಿ ಬಿಟ್ಟಿದ್ದೆ. ಜನವರಿ 1, 1990. ತೆರೆಯಿತು.

"ನನ್ನ ಒಂದು ವರ್ಷ ದೊಡ್ಡೋಳು ಮಾಡಿದ್ಯಲ್ಲೋ" ಅಂದಳು.

ಶನಿವಾರ ಸಂಜೆ ಎರಡೂ ಯಂತ್ರಗಳಲ್ಲಿ ಅಕ್ಕನಾಗಿ ಲಾಗಿನ್ ಆಗಿ, ಮತ್ತೊಮ್ಮೆ ಬಟನ್ ಹಿಡಿದು, ಮತ್ತೊಮ್ಮೆ 'ಬೀಪ್' ಅನ್ನಿಸಿ, ಅವಳ ಒಂದೇ ಒಂದು ಸೇವನ್ನು ಆ ಕಡೆ ದಾಟಿಸಿದೆ. ಒಂದು ನಿಮಿಷವೂ ಬೇಕಾಗಲಿಲ್ಲ. ಆಟ ಡೌನ್‌ಲೋಡ್ ಆಗುತ್ತಿದ್ದಾಗ ಹಾಲು ಕಾಯಿಸಿಕೊಂಡು ಬಂದೆ. ಹೊಸ ಮನೆಗೆ ಹಾಲು ಉಕ್ಕಿಸಬೇಕಲ್ಲ ಅಂತೇನಲ್ಲ, ಕಾಫಿಗೆ. ಆದರೂ ಫೋನ್ ನೋಡುತ್ತಾ ನಿಂತು ಒಲೆಯ ಮೇಲೆಲ್ಲ ಉಕ್ಕಿತು.

ಅಕ್ಕ ವಿಡಿಯೋದಲ್ಲೇ ಇದ್ದಳು. ಫೋನನ್ನು ಟಿವಿಯ ಕಡೆ ತಿರುಗಿಸಿ ಹೂಜಿಗೆ ಒರಗಿಸಿಟ್ಟೆ. ಲೋಡ್ ಒತ್ತಿದೆ.

ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಬೇಕೆಂದಾಗ ಸೇವ್ ಮಾಡಲು ಆಗುವುದಿಲ್ಲ. ದಿನದ ಕೆಲಸ ಮುಗಿಸಿ, ಮನೆಗೆ ಹೋಗಿ, ಹಾಸಿಗೆಯಲ್ಲಿ ಮಲಗಿ ದಿನ ಮುಗಿದಾಗ ಸೇವ್ ಆಗುತ್ತದೆ. ಹಾಗಾಗಿ ಯಾರು ಯಾವಾಗ ಆಟ ಬಿಟ್ಟರೂ ಮತ್ತೆ ತೆರೆದಾಗ ಕೊನೆಯ ಸಲ ಮಲಗಿದ್ದರ ಮಾರನೆಯ ದಿನ ಬೆಳಿಗ್ಗೆ 6 ಗಂಟೆ. ಅಕ್ಕ 2020ರಲ್ಲಿ ಮಲಗಿದವಳು ಈಗ ಎದ್ದಳು. ಹಾಸಿಗೆಯ ಪಕ್ಕ ನಿಂತಿದ್ದಾಳೆ. ಅದೇ ಹಸಿರು ಅಂಗಿ, ಅಮ್ಮ ಆರಿಸಿದ್ದ ಎರಡು ಜಡೆ.

ಬಾಗಿಲು ದಾಟಿ ಹೊರಗೆ ಬಂದೆ. ಕೆಂಪು ಮರಗಳು. ಬೆರ್ಚಪ್ಪ ನಿಂತಲ್ಲೇ ನಿಂತಿದ್ದ. ಅವನ ಸುತ್ತ ಸಾಲು ಸಾಲಾಗಿ, ಒತ್ತೊತ್ತಾಗಿ, ಬಲಿತ ಕುಂಬಳಕಾಯಿ. ಎಣಿಸಿದೆ, ನಲವತ್ತಕ್ಕೆ ಒಂದು ಕಡಿಮೆ.

"ಕೀಳ್ದೇ ಬಿಟ್ಟಿದ್ಯಲ್ಲೇ" ಅಂದೆ.

"ಮಾರನೇ ದಿನ ಕೀಳೋಣ ಅಂತ ಮಲಗ್ಸಿದ್ದೆ. ಅಷ್ಟರಲ್ಲಿ ವೀಸಾ ಬಂತು." ಆಮೇಲೆ ಏನೋ ಲೆಕ್ಕ ಹಾಕಿದಳು. ಆ ಆಟದಲ್ಲಿ ಒಂದೊಂದು ಋತುವಿಗೂ 28 ದಿನ. 28ರ ರಾತ್ರಿ ಮಲಗಿ ಎದ್ದರೆ ಚಳಿಗಾಲ, ಹೊಲದಲ್ಲಿ ನಿಂತ ಬೆಳೆಯೆಲ್ಲ ಒಣಗಿ ನಿಲ್ಲುತ್ತದೆ. "ಲೋ, ಇವತ್ತು ಇಪ್ಪತ್ತೆಂಟಲ್ವಾ? ಮಲಗ್ಬೇಡ. ಮೊದಲು ಕಿತ್ತು ಹಾಕು. ಒಂದು ಮಾರ್ಬೇಡ, ಮನೇಲಿಡು. ಆಮೇಲೆ ಕೋಳಿಗೆ ಹುಲ್ಲಿದ್ಯಾ ನೋಡು."

ಆಗಲೇ ಹೇಳಬಹುದಿತ್ತು, ಕಂಬಗಳ ವಿಷಯ. ಬಾಯಿಗೂ ಬಂದಿತ್ತು. ಅಷ್ಟರಲ್ಲಿ ಆ ಕಡೆಯಿಂದ ಪುಟ್ಟ ಮುಖವೊಂದು ಫೋನಿಗೆ ಅಂಟಿಕೊಂಡು, ಅಮ್ಮಾ ಅದು ಯಾರ ಮನೆ ಅಂತ ಕೇಳಿತು. ನಾನು ಮೊದಲ ಸಾಲಿನ ಮೂಲೆಯಿಂದ ಕುಂಬಳಕಾಯಿ ಕೀಳಲು ಶುರುಮಾಡಿದೆ.